ಸರಾಸರಿಯ ಚಿತ್ರ

ಅಲುಗದಂತೆ ನಿಲ್ಲಿಸಿದ ಒಂದು ಕ್ಯಾಮರಾ ಜನಸಂಚಾರವುಳ್ಳ ಬೀದಿಯೊಂದನ್ನು ನಾಲ್ಕು ನಿಮಿಷಗಳ ಕಾಲ ನೋಡಿತೆಂದು ಇಟ್ಟುಕೊಳ್ಳಬಹುದು. ಸೆಕೆಂಡಿಗೆ 25ರಂತೆ 6000 ಚಿತ್ರಗಳು ಅದರಲ್ಲಿ ಶೇಖರವಾಗುವುವು. ಗಣಕಯಂತ್ರದ ತಂತ್ರಾಂಶವು ಈ ಚಿತ್ರಗಳೆಲ್ಲವುಗಳಲ್ಲಿ ಒಂದೇ ಸ್ಥಾನದಲ್ಲಿರುವ ಬಿಂದುವಿನ ಬೆಳಕನ್ನು ಅಳೆದು, ಕೂಡಿಸಿ, 6000ದಿಂದ ಭಾಗಿಸಿ, ಹೀಗೆ ಬಿಂದುಬಿಂದುವಾಗಿ ಒಂದೇ ಒಂದು ಚಿತ್ರವನ್ನು ಕಟ್ಟಿಕೊಡುವುದು. ಅದರಲ್ಲಿ ಮನೆಗಳಿವೆ, ದೀಪದ ಕಂಬವಿದೆ, ಮರದ ಬುಡವಿದೆ. ಜನರು ಮಾತ್ರ ಇಲ್ಲ. ದಾರಿಹೋಕನೊಬ್ಬನು ಒಂದು ಬಿಂದುವನ್ನು 12 ಚಿತ್ರಗಳಷ್ಟು ಹೊತ್ತು ಮರೆಮಾಡಿ ಹೋಗಿದ್ದರೆ ಅಲ್ಲಿ ಅವನ ಪಾಲು 500ರಲ್ಲಿ ಒಂದು. ಕಣ್ಣಿನ ಲೆಕ್ಕಕ್ಕೆ ಅದು ಇಲ್ಲವೆಂದೇ ಸರಿ. ಕೂಡಿಸಿ ಭಾಗಿಸುವುದನ್ನು ಬಿಟ್ಟು, ಅಳತೆಗಳನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಿ ನಟ್ಟನಡುವಿನದನ್ನು ಆರಿಸಿಕೊಂಡರಂತೂ ಅಷ್ಟು ನೆರಳೂ ಉಳಿಯದು.

ಇದು ಆ ಬೀದಿಯ ಸತ್ಯವಾದ ಚಿತ್ರವೆ? ಮೂರು ಕಾಲಗಳಲ್ಲಿಯೂ ಬಾಧಿತವಾಗದುದೇ ಸತ್ಯವೆನ್ನುವ ವೇದಾಂತಿಯು ತಲೆದೂಗಬಹುದು. ಕ್ಷಣಕ್ಷಣವೂ ಬೇರೆಬೇರೆಯೆನ್ನುವ ಬೌದ್ಧನಾದರೋ, ಇಂತಹ ಬೀದಿಯು ಆ ನಾಲ್ಕು ನಿಮಿಷಗಳಲ್ಲಿ ಯಾವ ಕ್ಷಣದಲ್ಲಿಯೂ ಇರಲಿಲ್ಲವಲ್ಲ ಎಂದು ಕೇಳಿಯಾನು. ನಾಲ್ಕು ನಿಮಿಷವು ತ್ರಿಕಾಲವಲ್ಲವೆಂಬುದನ್ನು ಮಾತ್ರ ಇಬ್ಬರೂ ಒಪ್ಪಬೇಕು.

ಸರಾಸರಿಯನ್ನು ಸುಮ್ಮನೆ ನಿಂದಿಸುವುದು ನ್ಯಾಯವಲ್ಲ. ಮಂದವಾದ ಬೆಳಕಿನಲ್ಲಿ ತೆಗೆದ ಚಿತ್ರದ ಮೇಲೆ ಮರಳನ್ನು ಎರಚಿದಂತಹ ಒಂದು ಕದಡು ಇರುವುದು. ಈ ಕದಡು ಒಂದು ಚಿತ್ರದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಮೆ. ವಸ್ತುವಾದರೋ ಎಲ್ಲದರಲ್ಲಿಯೂ ಒಂದೇ. ಆದುದರಿಂದ 4 ಚಿತ್ರಗಳನ್ನು ಸೇರಿಸಿದರೆ ಕದಡು ಅರ್ಧಕ್ಕಿಳಿಯುವುದು. 100ನ್ನು ಸೇರಿಸಿದರೆ ಹತ್ತನೆಯ ಒಂದು ಪಾಲಾಗುವುದು. 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವು ಸಪ್ತರ್ಷಿಮಂಡಲದ ಕಡೆಯ ಒಂದು ಅಂಗೈಯಗಲವೂ ಅಲ್ಲದ ಆಕಾಶವನ್ನು ಹತ್ತು ದಿನಗಳ ಕಾಲ ನೋಡಿತು. ಆಗ ತೆಗೆದ 342 ಚಿತ್ರಗಳನ್ನು ಒಂದುಗೂಡಿಸಿದಾಗ, ಬರಿದೆಂದು ತೋರುತ್ತಿದ್ದ ಆ ಎಡೆಯಲ್ಲಿ ಸುಮಾರು 3000 ನಕ್ಷತ್ರಪುಂಜಗಳು ಮೂಡಿದುವು. ಒಂದೊಂದು ಚಿತ್ರದಲ್ಲಿಯೂ ವಿಶ್ವಕಿರಣಗಳು ಬಡಿದು ಎಳೆದಿದ್ದ ಗೀರುಗಳನ್ನು ಅಳಿಸಿಬಿಟ್ಟರು. ಅಲ್ಲಿ ದಾರಿಹೋಕನು ನಿಜವಾಗಿಯೂ ಕಲ್ಮಷವೇ ಆಗಿದ್ದನು.

ಇದರಲ್ಲಿ ಒಂದು ನಿಬಂಧನೆಯುಂಟು. ತಪ್ಪುಗಳು ಒಂದನ್ನೊಂದು ಅರಿಯದೆ ಬೇರೆಬೇರೆಯಾಗಿ ಆಗಿರಬೇಕು. ಕ್ಯಾಮರಾದ ಒಳಗೇ ಒಂದು ಬಿಂದು ಕೆಟ್ಟು ಸದಾ ಉರಿಯುತ್ತಿದ್ದರೆ, ಆರು ಸಾವಿರವಲ್ಲ, ಆರು ಲಕ್ಷ ಚಿತ್ರಗಳ ಸರಾಸರಿಯೂ ಅದನ್ನು ಅಳಿಸಲಾರದು. ಸುತ್ತಣ ಕದಡು ತಗ್ಗಿದಂತೆಲ್ಲ ಆ ಹುಸಿಯೇ ನಕ್ಷತ್ರದಂತೆ ಎದ್ದು ತೋರುವುದು. ಒಂದೇ ಪಾಠವನ್ನು ಒಪ್ಪಿಸುವ ಸಾಕ್ಷಿಗಳು ಎಷ್ಟು ಜನ ಬಂದರೇನು? ಹಬಲ್ಲಿನ ಪಂಡಿತರು ಇದನ್ನು ಬಲ್ಲವರಾದುದರಿಂದ ದೂರದರ್ಶಕದ ನೋಟವನ್ನು ನಡುನಡುವೆ ತುಸು ಪಕ್ಕಕ್ಕೆ ಸರಿಸುತ್ತಿದ್ದರು. ನೋಡುವವನು ತಾನಿರುವ ಸ್ಥಳದಿಂದ ಸ್ವಲ್ಪ ಕದಲಿದ ಹೊರತು ತನ್ನ ಕಣ್ಣಿನ ದೋಷವು ಅವನಿಗೆ ತಿಳಿಯುವಂತಿಲ್ಲ.

ಕಲ್ಮಷವೆಂದು ಎಣಿಸಿದುದೇ ವಸ್ತುವಾಗಿದ್ದರೆ ಆಗ ಏನು ಗತಿ? ಆಕಾಶದಿಂದ ಬರುವ ರೇಡಿಯೋ ಅಲೆಗಳು ಬಹು ಕ್ಷೀಣವಾದುದರಿಂದ, ಅವನ್ನು ದೀರ್ಘಕಾಲ ಸರಾಸರಿ ಮಾಡಿ ಅಳೆಯುವುದು ವಾಡಿಕೆಯಾಗಿದ್ದಿತು. 1967ರಲ್ಲಿ ಕೇಂಬ್ರಿಡ್ಜಿನ ಒಂದು ಉಪಕರಣವು, ರೇಡಿಯೋ ಮೂಲಗಳ ಮಿನುಗನ್ನು ಹಿಡಿಯಬೇಕಾಗಿದ್ದ ಕಾರಣ, ಹಾಗೆ ಹೆಚ್ಚು ಹೊತ್ತು ಸರಾಸರಿ ಮಾಡುತ್ತಿರಲಿಲ್ಲ. ಅದರ ಕಾಗದದ ಮೇಲೆ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿಯು ಒಂದು ಸಣ್ಣ ಒರಟು ಗೀಟನ್ನು ಕಂಡು, ಬಿಡದೆ ಅದರ ಬೆನ್ನುಹತ್ತಿದಳು. ಸುಮಾರು 1.3 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುತ್ತಿದ್ದ ಅದು ಪಲ್ಸಾರ್ ಎಂಬ ಹೊಸ ಜಾತಿಯ ತಾರೆಯಾಗಿದ್ದಿತು. ವಾಡಿಕೆಯ ಸರಾಸರಿಯಲ್ಲಿ ಅದರ ಮಿಡಿತವು ಕರಗಿಹೋಗುತ್ತಿದ್ದಿತು. ಎಷ್ಟು ಹೊತ್ತು ನೋಡಬೇಕೆಂದು ಗೊತ್ತುಮಾಡಿದವನು, ಯಾರು ಉಳಿಯತಕ್ಕದ್ದು, ಯಾರು ಅಳಿಯತಕ್ಕದ್ದು ಎಂಬುದನ್ನೂ ಗೊತ್ತುಮಾಡಿದಂತೆಯೇ ಆಯಿತು. ಯಂತ್ರಕ್ಕೆ ಇದರಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಹತ್ತು ವರ್ಷಗಳ ಸರಾಸರಿ ಮಳೆಯನ್ನು ಓದಿ ನಾಡು ಸುಭಿಕ್ಷವೆನ್ನುವ ಅಧಿಕಾರಿಗೆ, ನಡುವೆ ಬಂದುಹೋದ ಕ್ಷಾಮದ ವರ್ಷವು ಆ ಬೀದಿಯ ದಾರಿಹೋಕನಿದ್ದಂತೆ.

ಗಣಕಯಂತ್ರವು ಹುಟ್ಟುವುದಕ್ಕೆ ಬಹು ಮುಂಚೆಯೇ ಇಂತಹ ಚಿತ್ರವೊಂದು ಒದಗಿದ್ದಿತು. 1838ರಲ್ಲಿ ಡಾಗೇರ್ ಎಂಬಾತನು ಪ್ಯಾರಿಸಿನ ಬುಲ್ವಾರ್ ದು ತಾಂಪ್ಲ್ ಎಂಬ ಬೀದಿಯನ್ನು ಮೇಲಿನ ಕಿಟಕಿಯಿಂದ ತೆಗೆದನು. ಫಲಕವು ಕೆಲವು ನಿಮಿಷಗಳಷ್ಟು ಬೆಳಕನ್ನು ಕೂಡಿಸಿಕೊಳ್ಳಬೇಕಾಗಿದ್ದುದರಿಂದ ಗಾಡಿಗಳೂ ಜನಸಂದಣಿಯೂ ಮಾಯವಾಗಿ, ಬೂಟಿಗೆ ಹೊಳಪು ಹಾಕಿಸಿಕೊಳ್ಳಲು ನಿಂತ ಒಬ್ಬನು ಮಾತ್ರ ಎದ್ದು ಕಾಣುವನು. 1839ರಲ್ಲಿ ಅದನ್ನು ನೋಡಿದ ಸಾಮ್ಯುಯೆಲ್ ಮೋರ್ಸನು, ಆ ಮನುಷ್ಯನ ಬೂಟುಗಳೂ ಕಾಲುಗಳೂ ಸ್ಫುಟವಾಗಿವೆ, ಅಲುಗಾಡಿದ ಮೈಯೂ ತಲೆಯೂ ಇಲ್ಲವಾಗಿವೆ ಎಂದು ಬರೆದನು. ಬೂಟನ್ನು ತಿಕ್ಕುತ್ತಿದ್ದವನು ಅವನ ಮುಂದೆಯೇ ಇದ್ದಾನೆ. ಕೆಲಸದಲ್ಲಿದ್ದವನಾದುದರಿಂದ ಅವನು ಬರಿಯ ಒಂದು ಮಸಕಾದ ಕಲೆಯಾಗಿ ಉಳಿದಿದ್ದಾನೆ.