ಒಂದು ಲೋಟ ನೀರು ಕೇಳಿದವರು



ಬೇಸಿಗೆ ಕಾಲಿಟ್ಟಿದೆ. ಪರೀಕ್ಷೆ ಮುಗಿಸಿದ ಮಕ್ಕಳು ಬೀದಿಗಿಳಿದಿದ್ದಾರೆ. ತಾಯಂದಿರು ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಹಾಕುತ್ತಾರೆ. ಕಾಗೆ ಓಡಿಸಲೆಂದು ಕೂರಿಸಿದ ಮಗುವೇ ಹಸಿ ಸಂಡಿಗೆಯಲ್ಲಿ ಅರ್ಧ ತಿಂದು ಮುಗಿಸುತ್ತದೆ. ಅಜ್ಜಿಯರು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕುಳಿತಿರುತ್ತಾರೆ. ಇವೆಲ್ಲ ಈ ದಿನಗಳ ಸೊಗಸು. ಆದರೆ ನಮ್ಮ ಮನೆಗಳಲ್ಲಿ, ನೆರೆಹೊರೆಯಲ್ಲಿ ಮಾತಿಗೆ ಮಾತು ಬೆಳೆಯುವುದೂ ಇದೇ ದಿನಗಳಲ್ಲಿಯೇ. ಸೆಕೆ, ನಿದ್ದೆಗೇಡು, ಖರ್ಚು, ಎಲ್ಲಕ್ಕಿಂತ ಮಿಗಿಲಾಗಿ ನೀರಿನ ಬವಣೆ. ಪಾಸ್ಖ ಹಬ್ಬದ ನಂತರ ಮನೆಗಳನ್ನು ಆಶೀರ್ವದಿಸಲು ಹೋಗುವ ನಮಗೆ ಯಾವ ಎರಡು ಮನೆಗಳ ನಡುವೆ ಮಾತು ನಿಂತಿದೆ ಎಂಬುದು ಬಾಗಿಲಲ್ಲೇ ತಿಳಿದುಹೋಗುತ್ತದೆ.

ಅಂಥ ಎರಡು ಮನೆಗಳ ಕಥೆಯನ್ನು ಇಲ್ಲಿ ಹೇಳುತ್ತೇನೆ. ಎರಡೂ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು ಮಾತ್ರ ಬೇಡವೆಂದರು. ಈ ಕಥೆಯಲ್ಲಿ ನನ್ನ ತಪ್ಪೂ ಒಂದಿದೆ. ಅದನ್ನು ಬರೆಯಲು ಯಾರ ಒಪ್ಪಿಗೆಯೂ ಬೇಕಾಗಿಲ್ಲ.

ಅದು 2024ರ ಬೇಸಿಗೆ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ಮಾರ್ಚ್ ಹೊತ್ತಿಗೆ ಬೆಂಗಳೂರಿನಂಥ ನಗರದಲ್ಲಿಯೇ ಜನ ಟ್ಯಾಂಕರ್ ದಾರಿ ಕಾಯುತ್ತಿದ್ದರು. ಇನ್ನು ಹಳ್ಳಿಗಳ ಪಾಡು ಕೇಳಬೇಕೇ? ನಾನು ಆಗ ಸೇವೆಯಲ್ಲಿದ್ದ ಧರ್ಮಕೇಂದ್ರದ ಒಂದು ಹಳ್ಳಿಯಲ್ಲಿ ಅಕ್ಕಪಕ್ಕದ ಎರಡು ಮನೆಗಳಿದ್ದವು. ಮೇಲಿನ ಮನೆ, ಕೆಳಗಿನ ಮನೆ ಎಂದು ಕರೆಯೋಣ. ಮೇಲಿನ ಮನೆಯ ಯಜಮಾನನ ಮೊದಲ ಮಗುವಿಗೆ ಕೆಳಗಿನ ಮನೆಯ ಗೃಹಿಣಿಯೇ ಜ್ಞಾನತಾಯಿ. ಎರಡೂ ಮನೆಯ ಅಜ್ಜಿಯರು ಒಂದೇ ವರ್ಷ ಆ ಊರಿಗೆ ಸೊಸೆಯಾಗಿ ಬಂದವರು. ವರ್ಷ ವರ್ಷವೂ ಹುಣಸೆಹಣ್ಣಿನ ಕೆಲಸವನ್ನು ಒಟ್ಟಿಗೆ ಕುಳಿತು ಮಾಡಿದವರು. ಕೆಳಗಿನ ಮನೆಯ ಬೋರ್ ಬತ್ತಿದ ಮೇಲೆ ಮೇಲಿನ ಮನೆಯಿಂದ ಬೇಲಿಯ ಮೇಲೆ ಪೈಪ್ ಹಾಯಿಸಿ ನೀರು ಕೊಡುತ್ತಿದ್ದರು. ಲೆಕ್ಕವಿಲ್ಲ, ದುಡ್ಡಿಲ್ಲ.

ಜಗಳ ಎಲ್ಲಿಂದ ಹುಟ್ಟಿತು? ಮಕ್ಕಳ ಕ್ರಿಕೆಟ್ ಚೆಂಡಿನಿಂದ. ಚೆಂಡು ಬಿದ್ದು ಸಂಪಿನ ಮುಚ್ಚಳ ಒಡೆಯಿತು. ಕೆಳಗಿನ ಮನೆಯವರು ತಮ್ಮ ಹುಡುಗನನ್ನು ಗದರಲಿಲ್ಲ ಎಂದು ಇವರಿಗೆ ಸಿಟ್ಟು. "ನಮ್ಮ ನೀರು ಕುಡಿದು ನಮಗೇ ಹೀಗೆ" ಎಂಬ ಒಂದು ಮಾತು ಬಾಯಿ ಜಾರಿತು. ಅದಕ್ಕೆ ಉತ್ತರವಾಗಿ ಕೆಳಗಿನ ಮನೆಯ ಯಜಮಾನ ಆ ಸಂಜೆಯೇ ಪೈಪನ್ನು ಕಿತ್ತು ಸುತ್ತಿ ಬೇಲಿಯಾಚೆ ಎಸೆದ. ಇದನ್ನು ನೀವು ಗಮನಿಸಬೇಕು: ನೀರು ನಿಲ್ಲಿಸಿದವರು ಕೊಡುವವರಲ್ಲ, ತೆಗೆದುಕೊಳ್ಳುವವರು. ನನಗೆ ಆಗ ಅದು ಗೊತ್ತಿರಲಿಲ್ಲ. ಮೇಲಿನ ಮನೆಯವರು ನೀರು ನಿಲ್ಲಿಸಿದ್ದಾರೆಂದು ಯಾರೋ ಹೇಳಿದ್ದನ್ನು ನಂಬಿದೆ.

ನಂಬಿ ಸುಮ್ಮನಿದ್ದೆನೇ? ಅದೂ ಇಲ್ಲ. ಮಾರ್ಚ್ 3ರಂದು ತಪಸ್ಸುಕಾಲದ ಮೂರನೆಯ ಭಾನುವಾರ. ಅದು 'ಬಿ' ವರ್ಷವಾದರೂ 'ಎ' ವರ್ಷದ ಪಾಠಗಳನ್ನು ಬಳಸಲು ಅವಕಾಶವಿರುವುದರಿಂದ, ಬೇಕೆಂದೇ ಸಮಾರಿಯದ ಸ್ತ್ರೀಯ ಶುಭಸಂದೇಶವನ್ನು ಆರಿಸಿಕೊಂಡೆ. ಬಾಯಾರಿದವನಿಗೆ ನೀರು ನಿರಾಕರಿಸುವವನು ಕ್ರಿಸ್ತರಿಗೇ ನಿರಾಕರಿಸುತ್ತಾನೆ ಎಂದು ಗಟ್ಟಿಯಾಗಿ ಹೇಳಿದೆ. ಹೇಳುವಾಗ ನನ್ನ ಕಣ್ಣು ಎಡಸಾಲಿನ ನಾಲ್ಕನೆಯ ಬೆಂಚಿನ ಮೇಲೇ ಇತ್ತು. ಪರಸ್ಪರ ಸಮಾಧಾನ ಹಂಚಿಕೊಳ್ಳುವ ಹೊತ್ತಿಗೆ ಆ ಬೆಂಚು ಖಾಲಿಯಾಗಿತ್ತು. ಮುಂದಿನ ಎರಡು ಭಾನುವಾರ ಮೇಲಿನ ಮನೆಯವರು ಬಲಿಪೂಜೆಗೆ ಬರಲಿಲ್ಲ. ಸಮಾಧಾನ ಮಾಡಲು ಹೊರಟ ಗುರು ಒಂದು ಕುಟುಂಬವನ್ನು ದೇವಾಲಯದಿಂದಲೇ ಹೊರಗೆ ಕಳುಹಿಸಿದ್ದೆ.

ಪೀಠದ ಮೇಲೆ ನಿಂತು ಹೆಸರು ಹೇಳದೆ ಒಬ್ಬರನ್ನು ಬೈಯುವುದು ಬಹಳ ಸುಲಭ. ಅವರು ಎದ್ದು ಉತ್ತರಿಸುವಂತಿಲ್ಲ. ಈ ಸುಲಭದ ದಾರಿಯನ್ನು ನಮ್ಮಲ್ಲಿ ಹಲವರು ತುಳಿದಿದ್ದೇವೆ.

ತಪ್ಪು ತಿಳಿದ ಮೇಲೆ ಅದೇ ಶುಭಸಂದೇಶವನ್ನು ಮತ್ತೆ ತೆರೆದು ಓದಿದೆ. ಯೊವಾನ್ನರ ನಾಲ್ಕನೆಯ ಅಧ್ಯಾಯ. ಎಷ್ಟು ಸಲ ಓದಿದ್ದೇನೋ, ಎಷ್ಟು ಸಲ ಪ್ರಬೋಧಿಸಿದ್ದೇನೋ! ಆದರೂ ಒಂದು ಸಂಗತಿಯನ್ನು ಅಂದು ಮೊದಲ ಬಾರಿಗೆ ಕಂಡಂತಾಯಿತು. ಸುಖಾರಿನ ಆ ಬಾವಿಯ ಬಳಿ ಯೇಸುಸ್ವಾಮಿ ಕೊಡುವವರಾಗಿ ಮಾತು ಆರಂಭಿಸುವುದಿಲ್ಲ. ಕೇಳುವವರಾಗಿ ಆರಂಭಿಸುತ್ತಾರೆ. ನಡುಮಧ್ಯಾಹ್ನ. ನಡೆದು ದಣಿದಿದ್ದಾರೆ. ಶಿಷ್ಯರು ಊಟ ತರಲು ಊರಿಗೆ ಹೋಗಿದ್ದಾರೆ. ಬಾವಿ ಆಳ, ಸೇದಲು ಕೈಯಲ್ಲಿ ಏನೂ ಇಲ್ಲ. ಯೆಹೂದ್ಯರಿಗೂ ಸಮಾರಿಯದವರಿಗೂ ಬಳಕೆಯಿಲ್ಲದ ಕಾಲ. ಆಕೆಯೋ ಬಿಸಿಲು ಏರಿದ ಮೇಲೆ ಒಬ್ಬಳೇ ನೀರಿಗೆ ಬಂದ ಹೆಂಗಸು. ಜೀವಜಲದ ಮಾತು ಆಮೇಲೆ ಬರುತ್ತದೆ. ಮೊದಲು ಬರುವುದು, ಕುಡಿಯಲು ಕೊಡು ಎಂಬ ಬೇಡಿಕೆ. ಸಂತ ಅಗಸ್ತೀನರು ಈ ಭಾಗಕ್ಕೆ ವ್ಯಾಖ್ಯಾನ ಬರೆಯುತ್ತಾ, ನೀರು ಕೇಳಿದ ಆ ಪ್ರಭು ನಿಜಕ್ಕೂ ಬಾಯಾರಿದ್ದು ಆಕೆಯ ವಿಶ್ವಾಸಕ್ಕಾಗಿ ಎನ್ನುತ್ತಾರೆ. ಆಕೆ ನೀರು ಕೊಟ್ಟಳೇ, ಅವರು ಕುಡಿದರೇ ಎಂಬುದನ್ನು ಶುಭಸಂದೇಶ ಹೇಳುವುದೇ ಇಲ್ಲ. ಆಕೆ ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿದಳೆಂದು ಮಾತ್ರ ಹೇಳುತ್ತದೆ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲ್ ಸ್ನೇಹದ ಬಗ್ಗೆ ಬರೆದದ್ದನ್ನು ಕಲಿತೆವು. ಸಂತ ತೋಮಸ್ ಅಕ್ವಿನಾಸರು ಅದನ್ನೇ ಎತ್ತಿಕೊಂಡು, ದೈವಪ್ರೀತಿಯೆಂದರೆ ದೇವರೊಡನೆ ಮಾನವನ ಸ್ನೇಹ ಎಂದು ವಿವರಿಸುತ್ತಾರೆ. ಸ್ನೇಹಕ್ಕೆ ಎರಡು ಕಡೆ ಬೇಕು, ಒಂದೇ ಕಡೆಯ ಹಿತಬಯಕೆ ಸ್ನೇಹವಾಗದು ಎಂಬುದು ಅಲ್ಲಿನ ಮುಖ್ಯ ವಾದ. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅದರ ಅರ್ಥ ನನಗೆ ತಿಳಿದದ್ದು ಆ ಪೈಪಿನ ಜಗಳದಲ್ಲಿ. ಯಾವಾಗಲೂ ಕೊಡುತ್ತಲೇ ಇರುವವನು ಕ್ರಮೇಣ ಧಣಿಯಾಗುತ್ತಾನೆ. ಪಡೆಯುತ್ತಲೇ ಇರುವವನು ಒಳಗೊಳಗೇ ಸಣ್ಣವನಾಗಿ, ಒಂದು ದಿನ ಪೈಪ್ ಕಿತ್ತೆಸೆಯುತ್ತಾನೆ. ಮೇಲಿನ ಮನೆಯವರು ಕೆಳಗಿನವರಿಂದ ಏನನ್ನಾದರೂ ಕೇಳಿ ಎಷ್ಟು ವರ್ಷವಾಗಿತ್ತೋ!

ನಮ್ಮ ಮನೆಗಳ ಒಳಗೂ ಹೀಗೆಯೇ ಅಲ್ಲವೇ? ಬೆನ್ನು ನೋವಿದ್ದರೂ ಆ ಕೊಡವನ್ನು ಎತ್ತಿಕೊಡು ಮಗನೇ ಎಂದು ಕೇಳದ ತಾಯಿ, ತಾನೇ ಎಲ್ಲವನ್ನೂ ಮಾಡಿ ಆಮೇಲೆ ರಾತ್ರಿ ಪಾತ್ರೆ ಕುಕ್ಕುತ್ತಾಳೆ. ಸಾಲ ಏರಿದ ತಂದೆ ಹೆಂಡತಿಗೂ ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ ಕೆಟ್ಟಿದೆಯೆಂದು ಗೊತ್ತಿರುವ ಹುಡುಗ ರಜೆಯೆಲ್ಲ ನಗುತ್ತಾ ಆಡಿ, ಫಲಿತಾಂಶದ ಹಿಂದಿನ ರಾತ್ರಿ ಒಬ್ಬನೇ ನಡುಗುತ್ತಾನೆ. ಆ ಹುಡುಗನ ವಿಷಯವನ್ನು ತಂದೆತಾಯಿಗಳು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅವನು ಕೇಳದಿದ್ದರೆ ನೀವೇ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಜಗದ್ಗುರು ಫ್ರಾನ್ಸಿಸ್‌ರವರು 2016ರಲ್ಲಿ ಹೊರತಂದ 'ಅಮೋರಿಸ್ ಲೆತಿತ್ಸಿಯ' ಎಂಬ ಪ್ರೇಷಿತ ಪ್ರಬೋಧನಾ ಪತ್ರದಲ್ಲಿ ಕುಟುಂಬಕ್ಕೆ ಬೇಕಾದ ಮೂರು ಮಾತುಗಳನ್ನು ನೆನಪಿಸಿದ್ದರು. ಅನುಮತಿ ಕೇಳುವ ಮಾತು, ವಂದನೆಯ ಮಾತು, ಕ್ಷಮೆಯ ಮಾತು. ಮೊದಲನೆಯದೇ ಕೇಳುವ ಮಾತು.

ಕಥೆಗೆ ಮರಳೋಣ. ಮಾರ್ಚ್ 29, ಶುಭ ಶುಕ್ರವಾರ. ಎಂದಿನಂತೆ ಯೊವಾನ್ನರ ಪ್ರಕಾರ ಪ್ರಭುವಿನ ಯಾತನೆಯ ಪಾರಾಯಣ ನಡೆಯಿತು. ಶಿಲುಬೆಯ ಮೇಲಿಂದ ತಮಗೆ ಬಾಯಾರಿಕೆಯಾಗಿದೆ ಎಂದು ಪ್ರಭು ಹೇಳುವ ಮಾತು ಆ ಪಾರಾಯಣದಲ್ಲೇ ಬರುತ್ತದೆ. ಕೊನೆಯ ಉಸಿರಿನ ಹೊತ್ತಿನಲ್ಲೂ ಅವರು ಕೇಳುವವರೇ. ಮರುದಿನ ಪವಿತ್ರ ಶನಿವಾರ, ಸುಡುಮಧ್ಯಾಹ್ನ, ಕೆಳಗಿನ ಮನೆಯ ಅಜ್ಜಿ ಸೆರಗು ತಲೆಗೆ ಹೊದ್ದು ಮೇಲಿನ ಮನೆಯ ಜಗಲಿ ಹತ್ತಿದರು. ಕೊಡ ತಂದಿರಲಿಲ್ಲ. "ಅಕ್ಕಾ, ಒಂದ್ ಲೋಟ ನೀರು ಕೊಡಕ್ಕಾ" ಎಂದರಂತೆ. ಮೇಲಿನ ಮನೆಯ ಅಜ್ಜಿ ನೀರು ತಂದುಕೊಟ್ಟು, ಮಾತಾಡದೆ, ಹುಣಸೆಹಣ್ಣಿನ ಮೊರವನ್ನು ಇಬ್ಬರ ನಡುವೆ ಸರಿಸಿದರಂತೆ. ಸೊಸೆಯರು ಒಳಗಿನಿಂದ ನೋಡುತ್ತಾ ನಿಂತಿದ್ದರು. ಶುಕ್ರವಾರದ ಪಾರಾಯಣ ಕೇಳಿ ಹೀಗೆ ಮಾಡಿದಿರಾ ಎಂದು ನಾನು ಆಮೇಲೆ ಅಜ್ಜಿಯನ್ನು ಕೇಳಿದೆ. "ಬಾಯಾರಿತ್ತು ಸ್ವಾಮಿ, ಕೇಳ್ದೆ" ಎಂದರು. ಅಷ್ಟೇ.

ಅದೇ ದಿನ ದೇವಾಲಯದ ತೊಟ್ಟಿಯಲ್ಲೂ ನೀರಿರಲಿಲ್ಲ. ಬೆಳಿಗ್ಗೆಯೇ ಬರಬೇಕಿದ್ದ ಟ್ಯಾಂಕರ್ ಬರಲಿಲ್ಲ. ರಾತ್ರಿ ಪಾಸ್ಖ ಜಾಗರಣೆ. ನೀರನ್ನು ಆಶೀರ್ವದಿಸಬೇಕು, ಜನರ ಮೇಲೆ ಪ್ರೋಕ್ಷಿಸಬೇಕು, ಮನೆಗೆ ಒಯ್ಯಲು ಎಲ್ಲರೂ ಬಾಟಲಿ ಹಿಡಿದು ಬರುತ್ತಾರೆ. ಊರಿನಲ್ಲಿ ನೀರಿದ್ದ ಬೋರ್ ಯಾವುದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ಗಂಟೆ ಬೇರೆ ದಾರಿ ಹುಡುಕಿದೆ ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಐದು ಗಂಟೆಗೆ ಸ್ಕೂಟರ್ ಏರಿ ಮೇಲಿನ ಮನೆಗೆ ಹೋದೆ. "ಆ ಭಾನುವಾರ ನಾನು ವಿಚಾರಿಸದೆ ಮಾತಾಡಿದೆ, ತಪ್ಪಾಯಿತು. ಈಗ ನೀರು ಬೇಕಾಗಿದೆ" ಎಂದೆ. ಯಜಮಾನ ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ, "ಎಷ್ಟು ಡ್ರಮ್ಮು ಸ್ವಾಮಿ?" ಎಂದ.

ಟ್ರ್ಯಾಕ್ಟರಿನಲ್ಲಿ ಎರಡು ಡ್ರಮ್ ಬಂದವು. ಅಂದು ರಾತ್ರಿ ನಾನು ಪ್ರೋಕ್ಷಿಸಿದ ನೀರು ಕೆಳಗಿನ ಮನೆಯವರ ಮೇಲೂ ಬಿತ್ತು. ಅದು ಎಲ್ಲಿಯದೆಂದು ಅವರಿಗೆ ಗೊತ್ತಿತ್ತು. ಹಳ್ಳಿಯಲ್ಲಿ ಯಾವುದು ತಾನೇ ಗುಟ್ಟು?

ಗಂಡಸರಿಬ್ಬರೂ ಅಂದೇ ತಬ್ಬಿಕೊಂಡರೆಂದು ನೀವು ತಿಳಿಯಬಾರದು. ಹಾಗೇನೂ ಆಗಲಿಲ್ಲ. ಪೈಪ್ ಸುತ್ತಿದಂತೆಯೇ ಬೇಲಿಯ ಬಳಿ ಬಿದ್ದಿತ್ತು. ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇಸಾಕನ ಸೇವಕರು ಬಾವಿ ತೋಡಿದಲ್ಲೆಲ್ಲ ಜಗಳವಾಗಿ, ಒಂದಕ್ಕೆ ಜಗಳವೆಂದೂ ಮತ್ತೊಂದಕ್ಕೆ ಹಗೆಯೆಂದೂ ಹೆಸರು ಬೀಳುತ್ತದೆ. ಮೂರನೆಯ ಬಾವಿಗೆ ಜಗಳವಿಲ್ಲ. ಅದರ ಹೆಸರು ರೆಹೋಬೋತ್, ಅಂದರೆ ವಿಶಾಲ ಸ್ಥಳ. ಇಸಾಕನಿಗೆ ಮುಂದೆ ಹೋಗಿ ಮತ್ತೆ ತೋಡಲು ಬಯಲಿತ್ತು. ಮೂವತ್ತು ನಲವತ್ತರ ಸೈಟಿನಲ್ಲಿ ನಮಗೆಲ್ಲಿದೆ? ಇದ್ದಲ್ಲೇ ಇದ್ದು ಜಾಗ ಮಾಡಿಕೊಳ್ಳಬೇಕು.

ಏಪ್ರಿಲ್ ಕೊನೆಯ ವಾರದಲ್ಲಿ ಮೇಲಿನ ಮನೆಯ ಬೋರೂ ನಿಂತಿತು. ಎರಡು ದಿನ ಬರೀ ಗಾಳಿ. ಮೂರನೆಯ ದಿನ ಕೆಳಗಿನ ಮನೆಯ ಯಜಮಾನ ಟ್ಯಾಂಕರ್ ತರಿಸಿದ. ಡ್ರೈವರ್ ಪೈಪ್ ಹಿಡಿದು ಎಲ್ಲಿಗೆ ಬಿಡಲಿ ಎಂದಾಗ, ಮೇಲಿನ ಮನೆಯವನು ಬೇಲಿಯ ಈಚೆಯಿಂದ, "ನಮಗೂ ಅರ್ಧ ಕೊಡ್ತೀಯೇನಪ್ಪಾ?" ಎಂದು ಕೇಳಿದನಂತೆ. ಎಷ್ಟೋ ವರ್ಷಗಳ ಮೇಲೆ ಅವನು ಆ ಮನೆಯಿಂದ ಕೇಳಿದ ಮೊದಲ ವಸ್ತು ಅದು. ಮೇ ತಿಂಗಳ ಮಳೆ ಬರುವವರೆಗೂ ಟ್ಯಾಂಕರಿನ ಬಾಡಿಗೆಯನ್ನು ಎರಡು ಮನೆಯವರು ಪಾಲು ಹಾಕಿಕೊಂಡು ಕೊಟ್ಟರು. ಮೇ ತಿಂಗಳ ಜಪಸರ ಪ್ರಾರ್ಥನೆಗೆ ನಾನು ಆ ಬೀದಿಗೆ ಹೋದಾಗ ಅಜ್ಜಿಯರಿಬ್ಬರೂ ಒಂದೇ ಜಗಲಿಯಲ್ಲಿದ್ದರು. ಸಂಪಿಗೆ ಹೊಸ ಮುಚ್ಚಳ ಬಂದಿತ್ತು. ಅದರ ಮೇಲೆ ಮಕ್ಕಳು ಇದ್ದಿಲಿನಿಂದ ವಿಕೆಟ್ ಬರೆದಿದ್ದರು.