ದೋಷ ಎಲ್ಲಿದೆ, ದೋಷಿ ಯಾರು?

ಏನಾದರೂ ಕೆಟ್ಟು ನಿಂತಾಗ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ ಯಾವುದು? 'ಏನಾಯಿತು?' ಎಂದು ಕೇಳುವವರು ಕಡಿಮೆ. 'ಯಾರು ಮಾಡಿದ್ದು?' ಎಂದು ಕೇಳುವವರೇ ಹೆಚ್ಚು. ಹಾಲು ಒಡೆದರೆ ಹಾಲಿನವನ ಮೇಲೆ, ಮಗ ನಪಾಸಾದರೆ ಮೇಷ್ಟರ ಮೇಲೆ, ಮನೆ ಒಡೆದರೆ ಹೊಸದಾಗಿ ಬಂದ ಸೊಸೆಯ ಮೇಲೆ ನಮ್ಮ ಬೆರಳು ತಾನಾಗಿಯೇ ಚಾಚಿಕೊಳ್ಳುತ್ತದೆ. ಈ ಎರಡು ಪ್ರಶ್ನೆಗಳ ನಡುವಿನ ಅಂತರ ಚಿಕ್ಕದಲ್ಲ. ಮೊದಲನೆಯದು ಕಾರಣವನ್ನು ಹುಡುಕುತ್ತದೆ, ಎರಡನೆಯದು ಆರೋಪಿಯನ್ನು ಹುಡುಕುತ್ತದೆ. ಆರೋಪಿ ಸಿಕ್ಕಿದ ಕೂಡಲೇ ಕಾರಣದ ಹುಡುಕಾಟ ನಿಂತುಹೋಗುತ್ತದೆ ಎಂಬುದೇ ಇದರಲ್ಲಿರುವ ಅಪಾಯ.

ನೀತಿಶಾಸ್ತ್ರದ ಈ ಹಳೆಯ ತೊಡಕನ್ನು ಬಿಡಿಸಿ ತೋರಿಸುವ ಒಂದು ಹೊಸ ಕಸುಬು ನಮ್ಮ ಕಣ್ಣೆದುರಿಗೇ ಇದೆ. ಅದು ಹೊಸದಾಗಿ ಜೋಡಿಸಿದ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹಾಕುವ ಹುಡುಗರ ಕಸುಬು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಮ್ಮೆ ಅಡ್ಡಾಡಿದವರಿಗೆ ಈ ಲೋಕದ ಪರಿಚಯವಿರುತ್ತದೆ. ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್, ಇನ್ನೊಂದರಲ್ಲಿ ಪ್ರೊಸೆಸರ್, ಮತ್ತೊಂದರಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಪವರ್ ಸಪ್ಲೈ, ಕ್ಯಾಬಿನೆಟ್. ಬಿಡಿ ಭಾಗಗಳನ್ನು ತಂದು ಜೋಡಿಸಿದರೆ ಬ್ರಾಂಡೆಡ್ ಯಂತ್ರಕ್ಕಿಂತ ಎಷ್ಟೋ ಸಲ ಅಗ್ಗ, ಬೇಕಾದ ಭಾಗವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬೇರೆ. ಆದರೆ ಜೋಡಿಸಿದ ಮಾತ್ರಕ್ಕೆ ಅದು ಕಂಪ್ಯೂಟರ್ ಆಗುವುದಿಲ್ಲ. ವಿಂಡೋಸೋ ಲಿನಕ್ಸೋ ಒಂದು ಒಳಗೆ ಕೂರಬೇಕು. ಹಲವರ ಕೈಯಿಂದ ಬಂದ ಭಾಗಗಳೆಲ್ಲ ಒಟ್ಟಿಗೆ ಪರೀಕ್ಷೆಗೆ ನಿಲ್ಲುವುದು ಅಲ್ಲಿಯೇ.

ಪರೀಕ್ಷೆಯಲ್ಲಿ ಸೋಲುವ ಬಗೆಗಳು ಹತ್ತಾರು. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಇಲ್ಲಿ ಪ್ರೊಸೆಸರಿಗೆ ಹೋಗಬೇಕಾದ ಪ್ರತ್ಯೇಕ ವಿದ್ಯುತ್ ಕೇಬಲನ್ನು ಸಿಕ್ಕಿಸಲು ಮರೆತಿರಬಹುದು. ಗ್ರಾಫಿಕ್ಸ್ ಕಾರ್ಡಿಗೆ ಹಾಕಬೇಕಾದ ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಹಾಕಿರಬಹುದು. ಅಥವಾ ಏನೂ ಕೆಟ್ಟಿಲ್ಲದಿರಬಹುದು! ಡಿಡಿಆರ್5 ರ‍್ಯಾಮ್ ಇರುವ ಹೊಸ ಯಂತ್ರಗಳು ಮೊದಲ ಸಲ ಚಾಲೂ ಆಗುವಾಗ ರ‍್ಯಾಮಿನೊಂದಿಗೆ ಹೊಂದಾಣಿಕೆ ಮಾಡಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುವುದುಂಟು. ಆ ಹೊತ್ತಿನಲ್ಲಿ ಪರದೆ ಮೇಲೆ ಏನೂ ಕಾಣುವುದಿಲ್ಲ. ತಾಳ್ಮೆಯಿಲ್ಲದವನು 'ಸತ್ತಿದೆ' ಎಂದು ತೀರ್ಮಾನಿಸಿ ಬಟನ್ ಒತ್ತಿ ಆರಿಸುತ್ತಾನೆ, ಮತ್ತೆ ಹಚ್ಚುತ್ತಾನೆ, ಮತ್ತೆ ಆರಿಸುತ್ತಾನೆ. ಕಾಯಿಲೆ ಯಂತ್ರದ್ದಲ್ಲ, ನೋಡುವವನ ಅವಸರದ್ದು.

ಇನ್ನು ಕೆಲವೊಮ್ಮೆ ಎಲ್ಲ ಸರಿಯಾಗಿ ಹಚ್ಚಿಕೊಳ್ಳುತ್ತದೆ, ವಿಂಡೋಸ್ ಮಾತ್ರ 'ಡಿಸ್ಕೇ ಇಲ್ಲ' ಎನ್ನುತ್ತದೆ. ಡಿಸ್ಕ್ ಕಣ್ಣೆದುರಿಗೇ ಸ್ಕ್ರೂ ಹಾಕಿ ಕುಳಿತಿರುತ್ತದೆ. ಇಂಟೆಲ್‌ನ 11ನೇ ತಲೆಮಾರಿನ ಮತ್ತು ಅನಂತರದ ಅನೇಕ ಯಂತ್ರಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇದ್ದರೆ, ತಕ್ಕ ಡ್ರೈವರ್ ಕೊಡುವ ತನಕ ವಿಂಡೋಸ್‌ಗೆ ಆ ಡಿಸ್ಕ್ ಕಾಣುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವಿಲ್ಲದ ಯಂತ್ರವನ್ನು ಬಾಗಿಲಲ್ಲೇ ತಡೆಯುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಆ ಸೌಲಭ್ಯ ಇದ್ದೇ ಇರುತ್ತದೆ, ಸೆಟ್ಟಿಂಗ್‌ನಲ್ಲಿ ಆರಿಸಿಟ್ಟಿರುತ್ತಾರೆ ಅಷ್ಟೆ. 'ಇಲ್ಲ' ಎಂಬ ಮಾತಿಗೆ 'ನನಗೆ ಕಾಣುತ್ತಿಲ್ಲ' ಎಂಬ ಅರ್ಥವೂ ಇದೆಯೆಂದು ತಿಳಿಯದವನು ಇಲ್ಲಿ ಮೋಸ ಹೋಗುತ್ತಾನೆ.

ಎಲ್ಲಕ್ಕಿಂತ ದಾರಿ ತಪ್ಪಿಸುವುದು ಯಂತ್ರವೇ ಕೊಡುವ ದೂರು. ಫೈಲುಗಳು ಅರ್ಧ ನಕಲಾದ ಮೇಲೆ '0x80070570' ಎಂಬ ಸಂಖ್ಯೆಯೊಂದಿಗೆ, ಫೈಲ್ ಕೆಟ್ಟಿದೆ, ಓದಲಾಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಓದಿದವನು ಫೈಲನ್ನು ಬೈಯುತ್ತಾನೆ, ಡಿಸ್ಕನ್ನು ಬೈಯುತ್ತಾನೆ. ಆದರೆ ಫೈಲ್ ಹಾದುಬರುವ ದಾರಿಯಲ್ಲಿ ಪೆನ್‌ಡ್ರೈವ್ ಇದೆ, ಯುಎಸ್‌ಬಿ ಪೋರ್ಟ್ ಇದೆ, ರ‍್ಯಾಮ್ ಇದೆ, ಕೊನೆಗೆ ಡಿಸ್ಕ್ ಇದೆ. ಇವುಗಳಲ್ಲಿ ಯಾವುದು ಕೆಟ್ಟರೂ ಬರುವ ದೂರು ಹೆಚ್ಚುಕಡಿಮೆ ಒಂದೇ. ಸಂದೇಶ ಹೇಳುವುದು ನೋವು ಎಲ್ಲಿ ಕಂಡಿತು ಎಂಬುದನ್ನು ಮಾತ್ರ. ಗಾಯ ಎಲ್ಲಿದೆ ಎಂಬುದನ್ನಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹೀಗೆಯೇ ಶುರುವಾಗುತ್ತದೆ.

ಈ ಇಕ್ಕಟ್ಟನ್ನು ತತ್ತ್ವಜ್ಞಾನಿಗಳು ಕಂಪ್ಯೂಟರ್ ಹುಟ್ಟುವ ಮೊದಲೇ ಗುರುತಿಸಿದ್ದರು. ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ಡ್ಯುಹೆಮ್ 1906ರ ತಮ್ಮ ಗ್ರಂಥದಲ್ಲಿ ಒಂದು ಮಹತ್ವದ ಮಾತು ಹೇಳಿದರು. ಪ್ರಯೋಗವೊಂದು ವಿಫಲವಾದಾಗ ಅದು ಯಾವುದೋ ಒಂದು ಊಹೆಯನ್ನು ಮಾತ್ರ ಸುಳ್ಳಾಗಿಸುವುದಿಲ್ಲ. ಒಟ್ಟಿಗೆ ನಿಂತಿದ್ದ ಊಹೆಗಳ ಗುಂಪಿನಲ್ಲಿ ಎಲ್ಲೋ ಒಂದು ತಪ್ಪಿದೆ ಎನ್ನುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಹಾಗಾದರೆ ಹುಡುಕುವುದು ಹೇಗೆ? ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರಲ್ಲೇ ತಮ್ಮ ತರ್ಕಶಾಸ್ತ್ರದ ಗ್ರಂಥದಲ್ಲಿ ಒಂದು ದಾರಿ ತೋರಿಸಿದ್ದರು. ಉಳಿದುದೆಲ್ಲವನ್ನೂ ಇದ್ದ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ, ಫಲ ಬದಲಾದರೆ ಕಾರಣ ಅಲ್ಲಿದೆ. ಮಿಲ್‌ನ ಹೆಸರನ್ನೇ ಕೇಳದ ನಮ್ಮ ಹುಡುಗರು ಸ್ಕ್ರೂಡ್ರೈವರ್ ಹಿಡಿದು ದಿನವೂ ಮಾಡುವುದು ಇದನ್ನೇ. ಒಂದೇ ಸಲಕ್ಕೆ ನಾಲ್ಕು ಭಾಗ ಬದಲಿಸಿದರೆ ಯಂತ್ರ ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ನನ್ನ ಪರಿಚಯದ ಒಬ್ಬರ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ನಿವೃತ್ತ ಶಿಕ್ಷಕರು, ಪಿಂಚಣಿ ಹಣದಲ್ಲಿ ಮೊಮ್ಮಗಳ ಓದಿಗೆಂದು ಭಾಗಗಳನ್ನು ತರಿಸಿ, ಓಣಿಯ ಹುಡುಗನೊಬ್ಬನಿಂದ ಜೋಡಿಸಿದ್ದರು. ವಿಂಡೋಸ್ ಅರ್ಧಕ್ಕೆ ನಿಂತು ಮೇಲೆ ಹೇಳಿದ ಸಂದೇಶವೇ ಬಂತು. ಒಂದಲ್ಲ, ಮೂರು ಸಲ. ಶಿಕ್ಷಕರ ಮುಖ ಕೆಂಪಾಯಿತು. "ಹೊಸದು ಇಟ್ಟುಕೊಂಡು ಹಳೆಯದು ಹಾಕಿದ್ದೀಯ. ಇದು ಕಳ್ಳತನವಲ್ಲದೆ ಮತ್ತೇನು?" ಎಂದರು. ಬಾಗಿಲು ತೆರೆದಿತ್ತು, ಓಣಿಯವರಿಗೂ ಕೇಳಿಸಿತು. ಹುಡುಗ ತಲೆ ತಗ್ಗಿಸಿ, "ಚಾಚಾ, ಇನ್ನೊಂದು ಪೆನ್‌ಡ್ರೈವ್ ಇದ್ದರೆ ಕೊಡಿ, ನೋಡೋಣ" ಎಂದ.

ಪೆನ್‌ಡ್ರೈವ್ ಬದಲಿಸಿದರೂ ಅದೇ ಫಲ. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನು ತೆಗೆದ, ಅದೇ ಫಲ. ಅದನ್ನು ಹಾಕಿ ಇನ್ನೊಂದನ್ನು ತೆಗೆದ, ಅದೂ ಅದೇ ಸ್ಲಾಟ್‌ನಲ್ಲಿ. ವಿಂಡೋಸ್ ಸಲೀಸಾಗಿ ಒಳಗೆ ಹೋಯಿತು. ಕೆಟ್ಟ ಪಟ್ಟಿ ಸಿಕ್ಕಿತಲ್ಲ, ಇನ್ನೇನು ಎಂದುಕೊಂಡರೆ ಅವನು ಅದನ್ನು ಮತ್ತೆ ಹಾಕಿ ಮೊದಲಿನಿಂದ ಶುರು ಮಾಡಿದ. ಮತ್ತೆ ನಿಂತಿತು. "ಈಗ ಖಾತ್ರಿ" ಎಂದ. ಸೀಲು ಒಡೆಯದೆ ಬಂದಿದ್ದ ಕಂಪನಿಯ ರ‍್ಯಾಮೇ ಹುಟ್ಟಿನಿಂದ ಕೆಟ್ಟಿತ್ತು. ವಾರಂಟಿಯಲ್ಲಿ ಬೇರೆ ಬಂತು. ಶಿಕ್ಷಕರು ಚಹಾ ಕುಡಿಸಿ, ಹಣ ಕೊಟ್ಟು ಕಳಿಸಿದರು. ಬಾಗಿಲು ತೆರೆದಿದ್ದಾಗ ಆಡಿದ ಮಾತನ್ನು ಮಾತ್ರ ಬಾಗಿಲು ತೆರೆದು ಹಿಂತೆಗೆದುಕೊಳ್ಳಲಿಲ್ಲ.

ಇಲ್ಲಿ ಯೋಚಿಸಬೇಕಾದ ಸಂಗತಿ ಇದು. ಆ ಹುಡುಗ ಒಂದು ರ‍್ಯಾಮ್ ಪಟ್ಟಿಗೆ ಎರಡು ಸಲ ಪರೀಕ್ಷೆಯ ಅವಕಾಶ ಕೊಟ್ಟ. ದೋಷ ಸಿಕ್ಕಿತು ಎನಿಸಿದ ಮೇಲೂ ತನ್ನ ತೀರ್ಮಾನವನ್ನೇ ಮತ್ತೊಮ್ಮೆ ಪರೀಕ್ಷಿಸಿದ. ಅವನಿಗೆ ಮಾತ್ರ ಒಂದು ಸಲವೂ ಅಂಥ ಅವಕಾಶ ಸಿಗಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವು ವಸ್ತುವಿಗೆ ಅನ್ವಯಿಸುತ್ತೇವೆ, ಮನುಷ್ಯನಿಗೆ ಅನ್ವಯಿಸುವುದಿಲ್ಲ. ಇನ್ನೂ ಒಂದು ವ್ಯತ್ಯಾಸವಿದೆ. ಶಂಕೆಯಿಂದ ತೆಗೆದ ಭಾಗ ನಿರ್ದೋಷಿ ಎಂದು ಗೊತ್ತಾದರೆ ಅದನ್ನು ಇದ್ದ ಜಾಗದಲ್ಲೇ ಮತ್ತೆ ಕೂರಿಸಬಹುದು. ಅದಕ್ಕೆ ಅವಮಾನವಿಲ್ಲ, ನೆನಪಿಲ್ಲ. ಮನುಷ್ಯನನ್ನು ಶಂಕಿಸಿ ಹೊರಗಿಟ್ಟು ಮತ್ತೆ ಒಳಗೆ ಕರೆದರೆ, ಹೋದವನೂ ಬಂದವನೂ ಒಬ್ಬನೇ ಆಗಿರುವುದಿಲ್ಲ. ಆದ್ದರಿಂದ ವಸ್ತುವಿನ ಮೇಲೆ ಮೊದಲು ಶಂಕೆ, ಆಮೇಲೆ ಪರೀಕ್ಷೆ ನಡೆದೀತು. ಮನುಷ್ಯನ ವಿಷಯದಲ್ಲಿ ಶಂಕೆ ಬಾಯಿಗೆ ಬರುವ ಮೊದಲೇ ಪರೀಕ್ಷೆ ಮುಗಿದಿರಬೇಕು.

ಇದು ಒಂದು ಓಣಿಯ ಕಥೆ ಮಾತ್ರ ಎಂದುಕೊಳ್ಳಬೇಡಿ. ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 1999ರಿಂದ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಬಂತು. ಅದು ಉಪ ಅಂಚೆ ಕಚೇರಿಗಳ ಲೆಕ್ಕದಲ್ಲಿ ಇಲ್ಲದ ಕೊರತೆಗಳನ್ನು ತೋರಿಸತೊಡಗಿತು. ಅಂಚೆ ಸಂಸ್ಥೆ ಸಾಫ್ಟ್‌ವೇರನ್ನು ನಂಬಿತು, ಕೌಂಟರಿನ ಹಿಂದೆ ಕುಳಿತವರನ್ನು ಕಳ್ಳರೆಂದಿತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಮೊದಲೇ ಭಾವಿಸಿಕೊಳ್ಳುವ ಅಲ್ಲಿನ ನ್ಯಾಯಪದ್ಧತಿಯೂ ಇದಕ್ಕೆ ಒತ್ತಾಸೆಯಾಯಿತು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಅವರಲ್ಲಿ ಭಾರತೀಯ ಮೂಲದವರೂ ಇದ್ದರು. ಗರ್ಭಿಣಿಯೊಬ್ಬರು 2010ರಲ್ಲಿ ಜೈಲು ಸೇರಿದರು. 2019ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟು ಆ ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವು ಎಂದು ತೀರ್ಪಿತ್ತಿತು. 2024ರಲ್ಲಿ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ರದ್ದುಪಡಿಸಲು ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಈ ಪ್ರಕರಣದ ಪರಿಣಾಮವಾಗಿ ಕನಿಷ್ಠ 13 ಮಂದಿ ಆತ್ಮಹತ್ಯೆ ಮಾಡಿಕೊಂಡಿರಬಹುದು ಎಂದು 2025ರ ವಿಚಾರಣಾ ವರದಿ ಹೇಳಿತು. ಓಣಿಯ ಹುಡುಗ ಪೆನ್‌ಡ್ರೈವ್ ಬದಲಿಸಿ ನೋಡಿದ. ಅಷ್ಟು ದೊಡ್ಡ ಸಂಸ್ಥೆಗೆ ಅಷ್ಟೂ ಮನಸ್ಸಾಗಲಿಲ್ಲ.

ಏಕೆ ಹೀಗಾಗುತ್ತದೆ? ಶಂಕೆ ಎಂದೂ ಸಮನಾಗಿ ಹಂಚಿಹೋಗುವುದಿಲ್ಲ. ಅದು ಇಳಿಜಾರು ಕಂಡಲ್ಲಿ ಹರಿಯುತ್ತದೆ. ಮನೆಯಲ್ಲಿ ಓಲೆ ಕಾಣದಿದ್ದರೆ ಮೊದಲು ಕೆಲಸದಾಕೆ, ಕಚೇರಿಯಲ್ಲಿ ಲೆಕ್ಕ ತಪ್ಪಿದರೆ ಹೊಸಬ, ಊರಲ್ಲಿ ಏನಾದರೂ ನಡೆದರೆ ಊರಿಗೆ ಹೊರಗಿನವನು ಅಥವಾ ಸಂಖ್ಯೆಯಲ್ಲಿ ಕಡಿಮೆ ಇರುವವನು. ತಿರುಗಿ ಮಾತಾಡಲಾರದವನ ಮೇಲೆ ಶಂಕೆ ಪಡುವುದಕ್ಕೆ ಖರ್ಚಿಲ್ಲ. ಕಂಪ್ಯೂಟರ್ ರಿಪೇರಿಯಲ್ಲಿ 'ಕೊನೆಗೆ ಸೇರಿಸಿದ್ದು ಯಾವುದು?' ಎಂದು ಕೇಳುವುದು ಜಾಣತನ. ಸಮಾಜದಲ್ಲಿ 'ಕೊನೆಗೆ ಬಂದವನು ಯಾರು?' ಎಂದು ಕೇಳುವುದು ಎಷ್ಟೋ ಸಲ ಅನ್ಯಾಯದ ಮೊದಲ ಮೆಟ್ಟಿಲು. ಯಾಕೆಂದರೆ ಮೊದಲನೆಯದರ ನಂತರ ಪರೀಕ್ಷೆ ಇದೆ, ಎರಡನೆಯದರ ನಂತರ ತೀರ್ಪು ಮಾತ್ರ ಇದೆ.

ಹಾಗಾದರೆ ಯಾರೂ ತಪ್ಪಿತಸ್ಥರೇ ಅಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇರುತ್ತಾರೆ. ಹಳೆಯ ಭಾಗವನ್ನು ಒರೆಸಿ ಹೊಸದೆಂದು ಮಾರುವವರು ಇದ್ದಾರೆ, ಅವರನ್ನು ಹಿಡಿಯಲೇಬೇಕು. ಪರೀಕ್ಷೆಯ ಹಾದಿ ಕಳ್ಳನಿಗೆ ರಕ್ಷಣೆಯಲ್ಲ. ಅವನನ್ನು ತಪ್ಪಿಸಿಕೊಳ್ಳಲಾರದಂತೆ ಹಿಡಿಯುವ ಹಾದಿಯೂ ಅದೇ. ತಪ್ಪು ಮನುಷ್ಯನನ್ನು ಹಿಡಿದ ದಿನವೇ ನಿಜವಾದ ಕಳ್ಳ ನಿಶ್ಚಿಂತೆಯಿಂದ ಮಲಗುತ್ತಾನೆ.

ಇನ್ನು ಕೆಲವು ಸಲ ತಪ್ಪಿತಸ್ಥ ನಿಜಕ್ಕೂ ಇರುವುದಿಲ್ಲ. ಹಳೆಯ ಬಯಾಸ್ ಇರುವ ಒಳ್ಳೆಯ ಮದರ್‌ಬೋರ್ಡ್, ಅದರ ನಂತರ ಮಾರುಕಟ್ಟೆಗೆ ಬಂದ ಒಳ್ಳೆಯ ಪ್ರೊಸೆಸರ್. ಎರಡೂ ಅಪ್ಪಟ, ಕೂಡಿಸಿದರೆ ಉಸಿರಿಲ್ಲ. ಬೋರ್ಡ್ ಮಾರಿದವನು ಪ್ರೊಸೆಸರನ್ನು ಬೈಯುತ್ತಾನೆ, ಪ್ರೊಸೆಸರ್ ಮಾರಿದವನು ಬೋರ್ಡನ್ನು. ಬಯಾಸನ್ನು ನವೀಕರಿಸಿದರೆ ಇಬ್ಬರ ಮಾಲೂ ಸರಿ. ಅತ್ತೆಯೂ ಒಳ್ಳೆಯವಳು, ಸೊಸೆಯೂ ಒಳ್ಳೆಯವಳು, ಆದರೂ ಒಲೆ ಎರಡಾದ ಮನೆಗಳನ್ನು ನಾವು ಕಂಡಿಲ್ಲವೇ? ದೋಷ ವ್ಯಕ್ತಿಗಳಲ್ಲಿರದೆ ಅವರ ನಡುವಿನ ಸಂಬಂಧದಲ್ಲಿ ಇರಬಹುದು ಎಂದು ಒಪ್ಪಲು ನಮಗೆ ಕಷ್ಟ. ಏಕೆಂದರೆ ಅಲ್ಲಿ ಶಿಕ್ಷಿಸಲು ಯಾರೂ ಸಿಗುವುದಿಲ್ಲ, ದುಡಿಯಲು ಮಾತ್ರ ಕೆಲಸ ಸಿಗುತ್ತದೆ.

ಸಾವಿರ ವರ್ಷದ ಹಿಂದೆ ಬೆಳಕಿನ ಬಗ್ಗೆ ಪ್ರಯೋಗಗಳನ್ನು ನಡೆಸಿದ ಇಬ್ನುಲ್ ಹೈಸಮ್, ಟಾಲೆಮಿಯ ಗ್ರಂಥಗಳ ಮೇಲೆ ತಮ್ಮ ಶಂಕೆಗಳನ್ನು ಬರೆದಿಟ್ಟವರು. ಸತ್ಯವನ್ನು ಹುಡುಕುವವನು ಹಿರಿಯರ ಬರಹವನ್ನು ಮಾತ್ರವಲ್ಲ, ಅದನ್ನು ಪರೀಕ್ಷಿಸುವಾಗ ತನ್ನನ್ನೂ ಶಂಕಿಸಿಕೊಳ್ಳಬೇಕು ಎಂಬುದು ಅವರ ನಿಲುವಾಗಿತ್ತು. ಶಂಕೆ ಕೆಟ್ಟದ್ದಲ್ಲ. ಅದರ ಪಟ್ಟಿಯಿಂದ ನಮ್ಮ ಹೆಸರನ್ನು ಮಾತ್ರ ಹೊಡೆದುಹಾಕಿಕೊಳ್ಳುವುದು ಕೆಟ್ಟದ್ದು. ಮುಂದೆ ಏನಾದರೂ ಕೆಟ್ಟು ನಿಂತಾಗ, ಬೆರಳು ಚಾಚುವ ಮೊದಲು ಆ ಕೈ ಒಂದು ಕೇಬಲನ್ನಾದರೂ ಬಿಚ್ಚಿ, ಹಾಕಿ ನೋಡಲಿ. ಆಡಿದ ಮಾತನ್ನು ಕೇಬಲಿನಂತೆ ಬಿಚ್ಚಿ ತೆಗೆಯಲು ಬರುವುದಿಲ್ಲ.