ಮನೇಲಿ ಯಾರಿದ್ದಾರೆ?

2021ರ ಜನವರಿ. ನಾನಾಗ ಎಂ.ಎ. ಓದುತ್ತಿದ್ದೆ. ಬಂಗಾರಪೇಟೆಯ ನಮ್ಮ ಮನೆಯ ಟಿವಿಯಲ್ಲಿ ಸುದ್ದಿ ಬಂತು. ಸೌದಿಯ ಮರಳುಗಾಡಿನ ಡಕಾರ್ ರ‍್ಯಾಲಿಯಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಬೈಕಿನಿಂದ ಬಿದ್ದಿದ್ದರು. ತಲೆಗೆ ಪೆಟ್ಟಾಗಿ, ರಿಯಾದ್‌ನ ವೈದ್ಯರು ಅವರನ್ನು ಔಷಧ ಕೊಟ್ಟು ಕೋಮಾದಲ್ಲಿ ಇಟ್ಟಿದ್ದರು. 2015ರಲ್ಲಿ ಡಕಾರ್ ಪೂರೈಸಿದ ಮೊದಲ ಭಾರತೀಯ ಅವರೇ; ಆಗ 36ನೆಯ ಸ್ಥಾನ. ಕೋಲಾರದ ಬಳಿ ಅವರ ಬಿಗ್‌ರಾಕ್ ಎಂಬ ಮಣ್ಣಿನ ಟ್ರ್ಯಾಕ್ ಇರುವುದರಿಂದ ನಮ್ಮ ಕಡೆಯ ಹುಡುಗರಿಗೆ ಅವರ ಹೆಸರು ಚೆನ್ನಾಗಿ ಗೊತ್ತು.

"ಇವರಿಗೆ ಯಾರು ಹೋಗು ಅಂದಿದ್ರು?" ಎಂದೆ. ಅಜ್ಜಿ ಮಾತ್ರ, "ಪಾಪ, ಮನೇಲಿ ಯಾರಿದ್ದಾರೆ?" ಎಂದಳು.

ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. 3 ಕಿಲೋಮೀಟರಿಗೂ ಹೆಚ್ಚು ಆಳದ ಗಣಿ ಅದು. ಒತ್ತಡ ತಾಳದೆ ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗುತ್ತಿದ್ದವಂತೆ. ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರಂತೆ.

ನನ್ನ ಲೆಕ್ಕ ಸರಳವಾಗಿತ್ತು. ತಾತನದು ಹೊಟ್ಟೆಪಾಡು, ಇವರದು ಶೋಕಿ. ಮರುಕ ಒಬ್ಬರಿಗೆ ಸಾಕು. ಅಜ್ಜಿ ಒಪ್ಪಲಿಲ್ಲ. "ನಿಮ್ಮ ತಾತಂಗೆ ಮೇಲೇ ಕೆಲಸ ಕೊಡ್ತೀವಿ ಅಂದಾಗ ಬೇಡ ಅಂದ್ರು. ಕೆಳಗೆ ಸಂಬಳಾನೂ ಜಾಸ್ತಿ, ಜಂಬಾನೂ ಜಾಸ್ತಿ."

ಅಲ್ಲಿಂದಾಚೆ ಆಯ್ಕೆ ಎಂಬ ಪದ ನನಗೆ ಸಲೀಸಾಗಿ ಬರುತ್ತಿಲ್ಲ. ಅಮೆರಿಕದ ಸ್ಟಾಕ್ ಕಾರ್ ರೇಸಿನ ದೊಡ್ಡ ಹೆಸರು ಡೇಲ್ ಅರ್ನ್‌ಹಾರ್ಟ್. ಏಳು ಸಲ ಚಾಂಪಿಯನ್. ಹುಟ್ಟಿದ್ದು ಕನ್ನಾಪೊಲಿಸ್ ಎಂಬ ಬಟ್ಟೆ ಗಿರಣಿಯ ಊರಿನಲ್ಲಿ. ನಮ್ಮ ಕೆಜಿಎಫ್‌ನ ಹಾಗೆ ಒಂದೇ ಉದ್ಯಮವನ್ನು ನಂಬಿದ್ದ ಊರು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ರೇಸಿಗಿಳಿದ. ಅದು ಶೋಕಿಯೋ, ಗಿರಣಿಯಿಂದ ತಪ್ಪಿಸಿಕೊಳ್ಳುವ ದಾರಿಯೋ? 2001ರ ಫೆಬ್ರುವರಿ 18ರಂದು ಡೇಟೋನಾದಲ್ಲಿ, ಕೊನೆಯ ಸುತ್ತಿನಲ್ಲಿ, ಗೋಡೆಗೆ ಬಡಿದು ಸತ್ತ. ಹತ್ತು ದಿನಗಳ ನಂತರ, ಫೆಬ್ರುವರಿ 28ಕ್ಕೆ, ಕೆಜಿಎಫ್ ಗಣಿ ಮುಚ್ಚಿತು.

ಎರಡು ದಿನಾಂಕಗಳಿಗೂ ಸಂಬಂಧವಿಲ್ಲ. ನನ್ನನ್ನು ಕಾಡುವುದು ಬೇರೆ ಸಂಗತಿ. ಅದರ ಹಿಂದಿನ ವರ್ಷ ಆ ಸಂಸ್ಥೆಯ ರೇಸ್ ಸರಣಿಗಳಲ್ಲಿ ಮೂವರು ಚಾಲಕರು ಸತ್ತಿದ್ದರು. ತಲೆ, ಕುತ್ತಿಗೆಯನ್ನು ಹಿಡಿದಿಡುವ ಪಟ್ಟಿ ಆಗಲೇ ಬಳಕೆಯಲ್ಲಿತ್ತು, ಬೇಕಾದವರು ಹಾಕಿಕೊಳ್ಳಬಹುದಿತ್ತು. ಅದು ಕಡ್ಡಾಯವಾಗಿದ್ದು ಅರ್ನ್‌ಹಾರ್ಟ್ ಸತ್ತ ಮೇಲೆ, ಅದೇ ಅಕ್ಟೋಬರಿನಲ್ಲಿ. "ಅವರೇ ಆಯ್ದುಕೊಂಡದ್ದು" ಎಂಬ ಮಾತು ಅಲ್ಲಿಯವರೆಗೆ ಎಷ್ಟು ಜನಕ್ಕೆ ನೆಮ್ಮದಿ ಕೊಟ್ಟಿರಬೇಕು!

ಅಪಾಯಕ್ಕೆ ಇಳಿದವರ ಆಯ್ಕೆ ಎಷ್ಟು ಸ್ವತಂತ್ರವಾಗಿತ್ತು ಎಂದು ಅಳೆಯುವುದು ನಮಗೆ ಸುಲಭ, ಏಕೆಂದರೆ ಆಗ ಪ್ರಶ್ನೆ ಅವರ ಮೇಲಿರುತ್ತದೆ. ಓಟ ನೋಡಿ ಚಪ್ಪಾಳೆ ಹೊಡೆದವರು, ಬಂಗಾರ ತೊಟ್ಟವರು ಆ ಅಪಾಯದಲ್ಲಿ ಎಷ್ಟು ಪಾಲು ಹೊತ್ತರು ಎಂದು ಕೇಳಿದರೆ ಪ್ರಶ್ನೆ ನಮ್ಮ ಕಡೆ ತಿರುಗುತ್ತದೆ. ಧೈರ್ಯವನ್ನು ಮೆಚ್ಚುವ ಹಕ್ಕು ಆ ಪಾಲು ಹೊತ್ತವರಿಗೆ ಮಾತ್ರ ಇದೆ ಎಂದು ನನಗೀಗ ಅನ್ನಿಸುತ್ತದೆ.

ಚಿಕ್ಕಪ್ಪನ ಮಗ ಈಗ ಬೈಕ್ ಓಡಿಸುವುದನ್ನು ಕಲಿಯಲು ಟ್ರ್ಯಾಕಿಗೆ ಹೋಗುತ್ತಾನೆ. ಬೇಡ ಅನ್ನುವುದಿಲ್ಲ. ಹೊರಡುವಾಗ ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡುತ್ತೇನೆ. "ಮನೇಲಿ ಹೇಳಿದೀಯೇನೋ?" ಎಂದು ಕೇಳುತ್ತೇನೆ.